ಪ್ರಶ್ನೆ ಕೇಳದ ಅಂಗಡಿ

"ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಮಾರಾಯ. ಪಾಸ್‌ಪೋರ್ಟ್ ಕೊಟ್ಟೆ, ಕಾಗದಕ್ಕೆ ಸೈನ್ ಹಾಕಿದೆ, ಹತ್ತೇ ನಿಮಿಷಕ್ಕೆ ನೀರಿನಲ್ಲಿದ್ದೆ. ಸರ್ವಿಸ್ ಅಂದ್ರೆ ಇದು."

ಶ್ರೀಲಂಕಾದ ಕಲ್ಪಿಟಿಯಕ್ಕೆ ರಜೆಗೆ ಹೋಗಿ, ವಿಂಗ್ ಫಾಯಿಲಿಂಗ್ ಮಾಡಿ ಮರಳಿದ ಗೆಳೆಯನೊಬ್ಬ ಹೇಳಿದ ಮಾತಿದು. ಹೇಳುವಾಗ ಅವನ ಮೀನಖಂಡದಲ್ಲಿ ಏಳು ಹೊಲಿಗೆಗಳಿದ್ದವು. ಆ ಹೊಲಿಗೆಗೂ ಆ ಸರ್ವಿಸ್ಸಿಗೂ ಏನಾದರೂ ನಂಟು ಇದ್ದೀತೆ ಎಂಬ ಅನುಮಾನ ಅವನ ಹತ್ತಿರವೂ ಸುಳಿದಿರಲಿಲ್ಲ. ಸುತ್ತ ಕೂತಿದ್ದ ನಾಲ್ಕು ಜನಕ್ಕೂ ಸುಳಿಯಲಿಲ್ಲ. ಅವರೆಲ್ಲ ಫೋನ್ ತೆಗೆದು ಆ ಅಂಗಡಿಯ ಹೆಸರು ಬರೆದುಕೊಂಡರು.

ವಿದೇಶದ ಕಡಲ ತಡಿಯಲ್ಲಿ ಬಾಡಿಗೆಗೆ ಸಾಮಾನು ಕೊಡುವವರ ಬಗ್ಗೆ ನಾವು ಆಡುವ ಅತಿ ದೊಡ್ಡ ಹೊಗಳಿಕೆ ಇದೇ: ಕಿರಿಕಿರಿ ಇಲ್ಲ, ಪ್ರಶ್ನೆ ಇಲ್ಲ. ಸಾಮಾನು ಹೊತ್ತು ವಿಮಾನ ಹತ್ತುವವನು ದಡ್ಡ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವವನು ಜಾಣ, ಕೇಳಿದ ಕೂಡಲೇ ಕೊಡುವ ಅಂಗಡಿಯವನು ಸಜ್ಜನ. ಈ ಮೂರು ವಾಕ್ಯಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಮೊದಲ ಎರಡರ ತಂಟೆಗೆ ನಾನೂ ಹೋಗುವುದಿಲ್ಲ. ಹೊಸ ಸೆಟ್ಟಿಗೆ ಮೂರು ನಾಲ್ಕು ಲಕ್ಷ ರೂಪಾಯಿ ಸುರಿಯಲು ಎಲ್ಲರಿಂದಲೂ ಆಗದು. ಆರಡಿ ಉದ್ದದ ಚೀಲ ಹೊತ್ತು ಚೆಕ್-ಇನ್ ಕೌಂಟರಿನಲ್ಲಿ ಜಗಳ ಆಡಲು ಎಲ್ಲರಿಗೂ ತ್ರಾಣವಿಲ್ಲ. ನನ್ನ ತಕರಾರು ಮೂರನೆಯದರ ಮೇಲೆ. ಕೇಳದೆ ಕೊಡುವ ಅಂಗಡಿಯವನು ಸಜ್ಜನನಲ್ಲ. ಅವನನ್ನು ಸಜ್ಜನ ಎನ್ನುತ್ತಾ ಸಾಕುತ್ತಿರುವವರು ನಾವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ಗಾಳಿ ತುಂಬಿ ಉಬ್ಬಿಸಿದ ಒಂದು ರೆಕ್ಕೆ. ಕಾಲಡಿಯಲ್ಲಿ ಒಂದು ಹಲಗೆ. ಹಲಗೆಯ ಹೊಟ್ಟೆಯಿಂದ ನೀರೊಳಕ್ಕೆ ಇಳಿದ, ಮುಕ್ಕಾಲು ಮೀಟರಿಗೂ ಮಿಕ್ಕ ಉದ್ದದ ಕಂಬ. ಅದರ ತುದಿಗೆ ಪುಟ್ಟ ವಿಮಾನದಂಥ ಇನ್ನೊಂದು ರೆಕ್ಕೆ. ಅದೇ ಫಾಯಿಲ್. ಮೇಲಿನ ರೆಕ್ಕೆ ಗಾಳಿ ಹಿಡಿದು ವೇಗ ಸಿಕ್ಕಿತೆಂದರೆ ಕೆಳಗಿನ ರೆಕ್ಕೆ ಹಲಗೆಯನ್ನೂ ಮನುಷ್ಯನನ್ನೂ ನೀರಿನಿಂದ ಎತ್ತಿಬಿಡುತ್ತದೆ. ಹಲಗೆಗೆ ಬಡಿಯುತ್ತಿದ್ದ ನೀರಿನ ಸದ್ದು ಪಟ್ಟನೆ ನಿಲ್ಲುತ್ತದೆ. ಆ ನಿಶ್ಶಬ್ದವನ್ನು ಒಮ್ಮೆ ಕೇಳಿದವನು ಸಾಲ ಮಾಡಿಯಾದರೂ ಮತ್ತೆ ಹೋಗುತ್ತಾನೆ. ನಾನೂ ಹೋಗುತ್ತೇನೆ. ಆಟದ ಮೇಲೆ ನನಗೆ ದ್ವೇಷವಿಲ್ಲ, ಹುಚ್ಚಿದೆ.

ನೀರೊಳಗಿನ ರೆಕ್ಕೆಯೇನೂ ಹೊಸದಲ್ಲ. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಅವನ ಸಂಗಡಿಗರು ಕಟ್ಟಿದ ಎಚ್‌ಡಿ-೪ ಎಂಬ ದೋಣಿ ೧೯೧೯ರಲ್ಲಿ ಕೆನಡಾದ ಸರೋವರವೊಂದರಲ್ಲಿ ಗಂಟೆಗೆ ೧೧೪ ಕಿಲೋಮೀಟರ್ ವೇಗದಲ್ಲಿ ಇಂಥದೇ ರೆಕ್ಕೆಗಳ ಮೇಲೆ ಹಾರಿತ್ತು. ಆದರೆ ಕೈಯಲ್ಲಿ ಹಿಡಿಯುವ ಉಬ್ಬು ರೆಕ್ಕೆ ಎಲ್ಲರ ಕೈಗೆಟುಕುವಂತೆ ಅಂಗಡಿಗಳಿಗೆ ಬರತೊಡಗಿದ್ದು ೨೦೧೯ರ ಸುಮಾರಿಗೆ, ಡ್ಯುಯೋಟೋನ್ ಕಂಪನಿಗಾಗಿ ಕೆನ್ ವಿನ್ನರ್ ರೂಪಿಸಿದ ರೆಕ್ಕೆಯಂಥವು ಮಾರಾಟಕ್ಕೆ ಬಂದಮೇಲೆ. ಅಂದರೆ ಆಟ ಇನ್ನೂ ಹಾಲುಹಲ್ಲಿನದು. ಕಡಲ ತಡಿಯಲ್ಲಿ ಅದರ ರೀತಿ ರಿವಾಜು ಬೆಳೆಯುವ ಮೊದಲೇ ಬಾಡಿಗೆ ದಂಧೆ ಬೆಳೆದು ನಿಂತಿತು. ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಬರೆದಿಡುವ ಮೊದಲೇ, ಪ್ರಶ್ನೆ ಕೇಳದಿರುವುದೇ ಸೌಜನ್ಯ ಎಂದಾಯಿತು.

"ಗೋವಾದಲ್ಲಿ ಸ್ಕೂಟರ್ ತಗೊಂಡ ಹಾಗೆ" ಎನ್ನುತ್ತಾರೆ. ಆಗಲಿ. ಗೋವಾದ ಸ್ಕೂಟರಿನವನು ನೆಪಕ್ಕಾದರೂ ಲೈಸೆನ್ಸ್ ಕೇಳುತ್ತಾನಲ್ಲ? ಸ್ಕೂಟರ್ ಕೆಟ್ಟರೆ ನಿಂತಲ್ಲೇ ನಿಲ್ಲುತ್ತದೆ; ನೀವು ಇಳಿದು, ಎಳನೀರು ಕುಡಿದು, ಅವನಿಗೆ ಫೋನ್ ಮಾಡಬಹುದು. ನೀರಿನಲ್ಲಿ ನೀವು ನಿಂತ ಕ್ಷಣದಿಂದಲೇ ಪ್ರಯಾಣ ಶುರು. ಎಲ್ಲಿಗೆ? ಗಾಳಿ ಎಲ್ಲಿಗೆ ಹೊರಟಿದೆಯೋ ಅಲ್ಲಿಗೆ. ರಸ್ತೆಗೆ ಇಂದು ಇದ್ದಷ್ಟೇ ಅಗಲ ನಾಳೆಯೂ ಇರುತ್ತದೆ. ಗಾಳಿಯ ವೇಗ ಹತ್ತು ನಾಟ್‌ನಿಂದ ಇಪ್ಪತ್ತಕ್ಕೆ ಏರಿದರೆ ಅದರ ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ನಿಮ್ಮ ಭುಜವನ್ನು ಮೆತ್ತಗೆ ಎಳೆಯುತ್ತಿದ್ದ ಐದು ಚದರ ಮೀಟರಿನ ರೆಕ್ಕೆ ಮಧ್ಯಾಹ್ನ ಮೂಗುದಾರ ಕಿತ್ತ ಹೋರಿ. ಈ ಲೆಕ್ಕ ಹೈಸ್ಕೂಲಿನದು. ಅಂಗಡಿಯವನಿಗೆ ಅದು ಮೈಗೆ ಹತ್ತಿದ ವಿದ್ಯೆ. ಗಿರಾಕಿಗೆ ಹೇಳುವುದಿಲ್ಲ, ಅಷ್ಟೆ.

ಅವನು ಹೇಳದ ಇನ್ನೊಂದು ಸಂಗತಿ ಅಳತೆಯದು. ಎಪ್ಪತ್ತೈದು ಕಿಲೋ ತೂಗುವ ಹೊಸಬನಿಗೆ ನೂರಹತ್ತು ಲೀಟರಿನ ಆಸುಪಾಸಿನ ಹಲಗೆ ಬೇಕು, ಅಂದಿನ ಗಾಳಿಗೆ ಹೊಂದುವ ರೆಕ್ಕೆ ಬೇಕು, ನಿಧಾನ ವೇಗದಲ್ಲೂ ಎತ್ತುವ ದೊಡ್ಡ ಫಾಯಿಲ್ ಬೇಕು. ಗಾಳಿ ಚೆನ್ನಾಗಿರುವ ದಿನ ಈ ಮೂರಕ್ಕೂ ಬೆಳಿಗ್ಗೆ ಒಂಬತ್ತಕ್ಕೇ ಗಿರಾಕಿಗಳು ಸಾಲು ನಿಂತಿರುತ್ತಾರೆ. ಹನ್ನೊಂದಕ್ಕೆ ತಿಂಡಿ ಮುಗಿಸಿ ಬಂದವನಿಗೆ ಸಿಗುವುದು ಸ್ಟ್ಯಾಂಡಿನಲ್ಲಿ ಉಳಿದದ್ದು. ಅದನ್ನೇ ಎತ್ತಿ ಕೊಡುತ್ತಾ ಅವನು ಹೇಳುವ ಮಾತು ಕಲ್ಪಿಟಿಯದಲ್ಲೂ ಒಂದೇ, ಮಾರಿಷಸ್‌ನ ಲ ಮೋರ್ನ್‌ನಲ್ಲೂ ಒಂದೇ: ಪರ್ಫೆಕ್ಟ್ ಫಾರ್ ಯೂ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ನಮ್ಮ ಕಡೆ ಗಾದೆ. ಈ ಅಂಗಡಿಯಲ್ಲಿ ಗಾದೆ ತಿರುಗಿ ನಿಂತಿದೆ, ಕೊಟ್ಟವನೇ ಈರಭದ್ರ.

ಇನ್ನು ನಮ್ಮ ರಜೆಯ ಲೆಕ್ಕ. ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ನಾವು ಅವಸರದ ಸಮರ್ಥನೆಗೆ ಬಳಸಿ ಬಳಸಿ ಕೆಡಿಸಿದ್ದೇವೆ. ಕಣದಲ್ಲಿ ನಿಂತು ರಾಶಿ ತೂರಿದವರನ್ನು ಕೇಳಿ. ಆ ಗಾದೆಯ ಮುಕ್ಕಾಲು ಭಾಗ ಕಾಯುವುದರ ಬಗ್ಗೆ ಇದೆ. ಗಾಳಿ ಇಲ್ಲದ ದಿನ ಮೊರ ಎತ್ತುವುದಿಲ್ಲ. ದಿಕ್ಕು ತಪ್ಪಿ ಬೀಸಿದರೂ ಎತ್ತುವುದಿಲ್ಲ, ಹೊಟ್ಟು ಕಣ್ಣಿಗೆ ಬೀಳುತ್ತದೆ. ಆರು ದಿನದ ರಜೆಯಲ್ಲಿ ಎರಡು ದಿನ ದಾರಿಗೇ ಕಳೆದ ಬೆಂಗಳೂರಿನ ಉದ್ಯೋಗಿಗೆ ಕಾಯುವ ಪುರಸೊತ್ತು ಎಲ್ಲಿ? ಗುರುವಾರ ಗಾಳಿ ಸತ್ತಿತ್ತು, ಶುಕ್ರವಾರ ಮೂವತ್ತು ನಾಟ್ ಬೀಸುತ್ತಿದೆ, ಶನಿವಾರ ವಿಮಾನ. ಹಾಗಾಗಿ ಶುಕ್ರವಾರ ಇಳಿಯಲೇಬೇಕು. ಇದು ಗಾಳಿಯನ್ನು ನೋಡಿ ಮಾಡಿದ ತೀರ್ಮಾನವೇ, ಎಚ್‌ಆರ್ ವಿಭಾಗ ಮಂಜೂರು ಮಾಡಿದ ರಜೆ ಅರ್ಜಿಯನ್ನು ನೋಡಿ ಮಾಡಿದ್ದೇ? ಅಂಗಡಿಯವನಿಗೂ ಅಂಥದೇ ಅವಸರ, ಅವನ ಸೀಸನ್ನೂ ಚಿಕ್ಕದು. ಇಬ್ಬರು ಅವಸರದವರು ಕೌಂಟರಿನ ಎರಡು ಬದಿ ನಿಂತರೆ ನಡುವೆ ಪ್ರಶ್ನೆ ಹುಟ್ಟುವುದಾದರೂ ಹೇಗೆ?

ಸ್ಪೇನಿನ ತುದಿಯಲ್ಲಿ ತಾರಿಫಾ ಎಂಬ ಊರಿದೆ. ಅಲ್ಲಿ ಗಾಳಿಗಳಿಗೆ ಹೆಸರಿಟ್ಟಿದ್ದಾರೆ. ಪಡುವಣದಿಂದ ಬರುವುದು ಪೊನಿಯೆಂತೆ, ಮೂಡಣದಿಂದ ಬರುವುದು ಲೆವಾಂತೆ. ಪೊನಿಯೆಂತೆ ನಿಮ್ಮನ್ನು ದಡದತ್ತ ತರುತ್ತದೆ. ಲೆವಾಂತೆ ದಡದಿಂದ ಅಟ್ಲಾಂಟಿಕ್‌ನ ಕಡೆ ಒಯ್ಯುತ್ತದೆ. ಮರಳ ಮೇಲೆ ನಿಂತವನಿಗೆ ಎರಡೂ ಕೆನ್ನೆಗೆ ತಾಗುವ ಗಾಳಿಯೇ. ಹೊಸಬನಿಗೆ ಲೆವಾಂತೆಯೇ ಇನ್ನೂ ಹಿತ, ಯಾಕೆಂದರೆ ದಡದ ಹತ್ತಿರ ಅಲೆ ಏಳುವುದಿಲ್ಲ, ನೀರು ಹಾಸಿದ ಹಾಗೆ ಇರುತ್ತದೆ. ಸಾಯಿಸುವ ಗಾಳಿ ಕೆಲವೊಮ್ಮೆ ಹೀಗೆ ಸಭ್ಯವಾಗಿ ಬರುತ್ತದೆ. ನಮ್ಮ ಉಳ್ಳಾಲದ, ಮಲ್ಪೆಯ ಮೊಗವೀರ ಹುಡುಗನೊಬ್ಬ ಇದನ್ನು ಹತ್ತನೆಯ ವಯಸ್ಸಿಗೆ ಕಲಿತಿರುತ್ತಾನೆ. ನಮ್ಮ ಪ್ರವಾಸಿ ನಲವತ್ತನೆಯ ವಯಸ್ಸಿನಲ್ಲಿ ಇದನ್ನು ಕೇಳುವುದೂ ಇಲ್ಲ, ಅವನಿಗೆ ಯಾರೂ ಹೇಳುವುದೂ ಇಲ್ಲ.

ಅಂದ ಹಾಗೆ, ಕಲ್ಪಿಟಿಯದ ದೊಡ್ಡ ಸೀಸನ್ ಮೇ ತಿಂಗಳಿನಿಂದ ಅಕ್ಟೋಬರ್ ತನಕ. ಅಲ್ಲಿ ಬೀಸುವುದು ನಮ್ಮದೇ ನೈಋತ್ಯ ಮಾರುತ. ಅದೇ ಗಾಳಿ ಕರಾವಳಿ ಕರ್ನಾಟಕಕ್ಕೆ ಬಂದಾಗ ನಾವು ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನೇ ನಿಲ್ಲಿಸುತ್ತೇವೆ. ಮೀನು ಮರಿ ಮಾಡುವ ಕಾಲ, ಕಡಲೂ ಕೆರಳಿರುತ್ತದೆ. ಹುಟ್ಟಾ ಕಡಲಿನ ಮಕ್ಕಳು ದೋಣಿ ಎಳೆದು ದಡಕ್ಕೆ ಹಾಕಿ ಬಲೆ ಹೊಲಿಯುತ್ತಾ ಕೂರುವ ಗಾಳಿಗೆ, ಈಜೂ ಸರಿಯಾಗಿ ಬಾರದ ನಾವು ಬೆಂಗಳೂರಿನಿಂದ ವಿಮಾನ ಹತ್ತಿ ಆಡಲು ಹೋಗುತ್ತೇವೆ. ಹೋಗಬಾರದು ಎನ್ನುತ್ತಿಲ್ಲ. ಅಲ್ಲಿ ಮರಳ ದಿಬ್ಬವೊಂದು ಕಡಲನ್ನು ತಡೆದು ಲಗೂನಿನ ನೀರನ್ನು ಸಪಾಟಾಗಿ ಇಡುತ್ತದೆ, ಅದಕ್ಕೇ ಲೋಕವೆಲ್ಲ ಅಲ್ಲಿಗೆ ಹೋಗುವುದು. ಆದರೆ ದಿಬ್ಬ ತಡೆಯುವುದು ಅಲೆಯನ್ನು ಮಾತ್ರ. ಗಾಳಿ ಪೂರಾ ಒಳಗೆ ಬರುತ್ತದೆ.

ಈಜಿನ ಮಾತು ಬಂತಲ್ಲ. "ಜಾಕೆಟ್ ಕೊಡ್ತಾರೆ" ಎನ್ನುವುದು ನಮ್ಮವರ ಬ್ರಹ್ಮಾಸ್ತ್ರ. ಯಾವ ಜಾಕೆಟ್? ಬಾಡಿಗೆ ಅಂಗಡಿಗಳಲ್ಲಿ ತೂಗು ಹಾಕಿರುವುದರಲ್ಲಿ ಬಹಳಷ್ಟು ಇಂಪ್ಯಾಕ್ಟ್ ವೆಸ್ಟ್. ಬಿದ್ದಾಗ ಪಕ್ಕೆಲುಬಿಗೆ ಏಟಾಗದಂತೆ ಕಾಯುವುದು ಅದರ ಕೆಲಸ. ಅದು ತೇಲುತ್ತದೆ, ನಿಮ್ಮನ್ನು ತೇಲಿಸುತ್ತದೆಂಬ ಭರವಸೆ ಕೊಡುವುದಿಲ್ಲ. ಅದಕ್ಕಿಂತ ಮೇಲಿನದು ೫೦ ನ್ಯೂಟನ್ ಎಂದು ಬರೆದಿರುವ ಬಾಯೆನ್ಸಿ ಏಡ್. ಈಜು ಬಲ್ಲವನಿಗೆ, ನೆರವು ಹತ್ತಿರದಲ್ಲೇ ಇರುವ ಜಾಗಕ್ಕೆ ಎಂದೇ ಅದನ್ನು ಮಾಡಿರುವುದು. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸಿ ಹಿಡಿಯಬೇಕಾದ ನಿಜವಾದ ಲೈಫ್ ಜಾಕೆಟ್ ನೂರು ನ್ಯೂಟನ್‌ನಿಂದ ಶುರು. ಆಳ ಕಡಲಿಗೆ ನೂರೈವತ್ತು. ಈ ಅಂಕಿಗಳು ಜಾಕೆಟ್ಟಿನ ಒಳಮೈಯ ಪಟ್ಟಿಯಲ್ಲೇ ಅಚ್ಚಾಗಿರುತ್ತವೆ. ಫಾಯಿಲ್ ಹಲಗೆಯಿಂದ ಬೀಳುವವನು ನೀರಿನಿಂದ ಮೇಲೆದ್ದ ಎತ್ತರದಿಂದ ಬೀಳುತ್ತಾನೆ. ತಲೆಗೆ ಹಲಗೆಯ ಅಂಚೋ ಕಂಬವೋ ತಾಗಬಹುದು. ಪ್ರಜ್ಞೆ ತಪ್ಪುವ ಸಾಧ್ಯತೆ ಇರುವ ಆಟಕ್ಕೆ, ಪ್ರಜ್ಞೆ ಇರುವವನಿಗಾಗಿ ಹೊಲಿದ ಅಂಗಿ ತೊಡಿಸಿ ಕಳಿಸುತ್ತಾರೆ. ನಾವು ಅದರ ಬಣ್ಣ ಚೆನ್ನಾಗಿದೆ ಎಂದು ಫೋಟೊ ತೆಗೆಸಿಕೊಳ್ಳುತ್ತೇವೆ.

ಈಜು ಬಲ್ಲವರೂ ಹಿಗ್ಗಬೇಕಾಗಿಲ್ಲ. ಕ್ಲಬ್ಬಿನ ಈಜುಕೊಳದಲ್ಲಿ ಇಪ್ಪತ್ತೈದು ಮೀಟರ್ ಹೋಗಿ ಗೋಡೆ ಹಿಡಿಯುವುದು ಒಂದು. ಗೋಡೆಯೇ ಇಲ್ಲದಲ್ಲಿ, ರೆಕ್ಕೆಯ ದಾರ ಒಂದು ಕೈಗೆ, ಹಲಗೆಯ ದಾರ ಒಂದು ಕಾಲಿಗೆ ಕಟ್ಟಿಕೊಂಡು, ಬಾಯಿಗೆ ಉಪ್ಪುನೀರು ನುಗ್ಗುವಾಗ ನೆಟ್ಟಗೆ ಯೋಚಿಸುವುದು ಮತ್ತೊಂದು. ಗಾಳಿ ಸತ್ತರೆ ಅಥವಾ ಮಿತಿ ಮೀರಿದರೆ ರೆಕ್ಕೆಯನ್ನು ಹಲಗೆಯ ಮೇಲೆ ಹೇಗೆ ಇಟ್ಟುಕೊಂಡು, ಬೋರಲು ಮಲಗಿ, ಕೈಯಿಂದ ಹುಟ್ಟು ಹಾಕುತ್ತಾ ದಡ ಸೇರುವುದು ಎಂಬುದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು. ಹೇಳಿಕೊಡುವವರು ಎಷ್ಟು ಮಂದಿ? ಕೇಳುವವರು ಎಷ್ಟು ಮಂದಿ? ಮೂರು ಗಂಟೆಯ ಬಿಗಿನರ್ ಪ್ಯಾಕೇಜಿನಲ್ಲಿ ಆ ಅರ್ಧ ಗಂಟೆಯೇ ಮೊದಲು ಮಾಯವಾಗುವುದು. ಗಿರಾಕಿಗೆ ನಿಂತ ಫೋಟೊ ಬೇಕು. ಬೋರಲು ಮಲಗಿದ್ದನ್ನು ಯಾರು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ?

ನನ್ನನ್ನು ಹೆಚ್ಚು ಕೆರಳಿಸುವ ಮಾತು ಇನ್ನೊಂದಿದೆ. "ನಾವೇನು ಮಕ್ಕಳಾ? ನಮ್ಮ ಜೀವ, ನಮ್ಮ ರಿಸ್ಕು." ಕೇಳಲು ಎಷ್ಟು ಗಂಭೀರ, ಎಷ್ಟು ಸ್ವಾಭಿಮಾನಿ! ಆದರೆ ನಿಮ್ಮ ಕಾಲಡಿಯಲ್ಲಿ ನೀರನ್ನು ಕೊಯ್ಯುತ್ತಾ ಹೋಗುವ ಆ ರೆಕ್ಕೆ ಇದೆಯಲ್ಲ, ಅದು ನೀರಿನಲ್ಲಿ ತಲೆ ಎತ್ತಿರುವ ಮತ್ತೊಬ್ಬನನ್ನೂ ಕೊಯ್ಯುತ್ತದೆ. ಅವನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಎಡಬದಿಯಿಂದ ಬರುವವನು ಮೊದಲೋ ಬಲಬದಿಯಿಂದ ಬರುವವನು ಮೊದಲೋ ಎಂಬುದೂ ತಿಳಿಯದೆ ಲಗೂನಿನ ನಡುವೆ ನುಗ್ಗುವವನ ರಿಸ್ಕು ಅವನೊಬ್ಬನದೇ ಹೇಗಾದೀತು?

ಕಲ್ಪಿಟಿಯದ ಆ ಸಪಾಟು ನೀರು ಪ್ರವಾಸಿಗಳು ಬರುವ ಮುಂಚೆಯೂ ಖಾಲಿ ಬಿದ್ದಿರಲಿಲ್ಲ. ಅದು ಬಲೆ ಹಾಕುವ ನೀರು, ದೋಣಿ ಕಟ್ಟುವ ತಡಿ, ಮೀನು ಒಣಹಾಕುವ ಮರಳು. ನಮ್ಮ ಫಾಯಿಲಿಗೆ ಕನಿಷ್ಠ ಎದೆಮಟ್ಟದ ನೀರು ಬೇಕು. ಅಂಚಿನಲ್ಲಿ ಅಷ್ಟು ಆಳವಿಲ್ಲದ ಕಡೆ ನಾವು ನಡುವಿಗೆ ಸರಿಯುತ್ತೇವೆ. ನಡುವೆ ಬಲೆ ಇರುತ್ತದೆ. ಬಲೆ ಹರಿದರೆ ಯಾರ ಲೆಕ್ಕ? ಅಂಗಡಿಯ ರಸೀದಿಯಲ್ಲಿ ಕಂಬಕ್ಕೆ ಗೀರು ಬಿದ್ದರೆ ಇಷ್ಟು, ರೆಕ್ಕೆ ಹರಿದರೆ ಇಷ್ಟು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಬಲೆ ಎಂಬ ಪದ ಬರೆದ ರಸೀದಿಯನ್ನು ನಾನು ಈವರೆಗೆ ಕಂಡಿಲ್ಲ.

ನನ್ನ ಗೆಳೆಯನನ್ನು ಎಳೆದು ತಂದವನು ಅಂಗಡಿಯವನಲ್ಲ. ಅಂಗಡಿಗೆ ರೆಸ್ಕ್ಯೂ ಬೋಟ್ ಇತ್ತು. ಅದು ಅಂದು ಬೇರೆಯವರನ್ನು ಡಾಲ್ಫಿನ್ ತೋರಿಸಲು ಕರೆದೊಯ್ದಿತ್ತು. ಗೆಳೆಯ ಲಗೂನಿನ ಆಚೆ ಬದಿಗೆ ತೇಲಿಹೋಗಿ, ಕಾಲಿನಿಂದ ರಕ್ತ ಸುರಿಸುತ್ತಾ ಹಲಗೆ ಅಪ್ಪಿಕೊಂಡಿದ್ದಾಗ ಬಲೆ ಬಿಟ್ಟು ಬಂದವನು ಒಬ್ಬ ಮೀನುಗಾರ, ಫೈಬರ್ ದೋಣಿಯಲ್ಲಿ. ದಡ ಮುಟ್ಟಿಸಿ ಎಣ್ಣೆಯ ದುಡ್ಡು ಕೇಳಿದ. "ಇಂಥದ್ದರಲ್ಲೂ ದುಡ್ಡು ಕೇಳ್ತಾರೆ ನೋಡು" ಎಂದು ಗೆಳೆಯ ನಮ್ಮ ಮುಂದೆ ನಕ್ಕ. ೨೦೨೨ರ ಆಗಸ್ಟ್‌ನಲ್ಲಿ ಶ್ರೀಲಂಕಾದಲ್ಲಿ ಸೀಮೆಎಣ್ಣೆಯ ದರ ಲೀಟರಿಗೆ ೮೭ ರೂಪಾಯಿಯಿಂದ ಒಂದೇ ಏಟಿಗೆ ೩೪೦ಕ್ಕೆ ಜಿಗಿಯಿತು. ಅಲ್ಲಿನ ಸಣ್ಣ ದೋಣಿಗಳ ಎಂಜಿನ್ ಓಡುವುದು ಆ ಎಣ್ಣೆಯಿಂದಲೇ. ಎಣ್ಣೆ ಸಿಗದೆ, ಸಿಕ್ಕರೂ ಕೊಳ್ಳಲಾಗದೆ ದೋಣಿಗಳು ದಡದಲ್ಲೇ ಉಳಿದ ದಿನಗಳನ್ನು ಕಂಡವನು ಆ ಮೀನುಗಾರ. ಅರ್ಧ ದಿನದ ಮೀನು ಬಿಟ್ಟು ಬಂದು ಎಣ್ಣೆಯದಷ್ಟೇ ಕೇಳಿದ್ದಾನೆ. ಪ್ರಶ್ನೆ ಕೇಳದ ಅಂಗಡಿಯವನು ಸಜ್ಜನ, ಎಣ್ಣೆಯ ದುಡ್ಡು ಕೇಳಿದವನು ದುರಾಸೆಯವ. ಎಂಥ ನ್ಯಾಯ ನಮ್ಮದು!

ಹತ್ತು ನಿಮಿಷದ ಸರ್ವಿಸ್ ಹತ್ತು ನಿಮಿಷದಲ್ಲಿ ಮುಗಿಯುವುದು ಹೇಗೆ ಎಂಬುದು ಈಗ ಗೊತ್ತಾಗಿರಬೇಕು. ಉಳಿದ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಲಾಗಿರುತ್ತದೆ. ಎಚ್ಚರದ ಕೆಲಸ ಇತರ ಸವಾರರಿಗೆ, ಪಾರುಮಾಡುವ ಕೆಲಸ ಮೀನುಗಾರನಿಗೆ, ಹೊಲಿಗೆಯ ಕೆಲಸ ಊರಿನ ಸಣ್ಣ ಆಸ್ಪತ್ರೆಗೆ.

ಕಾಗದಪತ್ರದ ಬಗ್ಗೆ ಹೆಚ್ಚು ಬರೆದು ಬೇಸರ ತರಿಸಲಾರೆ. ಸಹಿ ಹಾಕಿದ ಹಾಳೆಯಲ್ಲಿ ಏನಿತ್ತು ಎಂದು ಗೆಳೆಯನನ್ನು ಕೇಳಿದೆ. "ಎಲ್ಲಾ ಕಡೆ ಇರೋದೇ" ಅಂದ. ಇದ್ದದ್ದು ಇಷ್ಟೇ: ಏನಾದರೂ ಅಂಗಡಿಯ ಹೊಣೆಯಲ್ಲ, ಸಾಮಾನಿಗೆ ಏನಾದರೂ ನಿನ್ನ ಹೊಣೆ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಅವನು ನೆಚ್ಚಿದ್ದ. ಸಾಹಸ ಕ್ರೀಡೆಗಳನ್ನು ಬಿಟ್ಟಿದ್ದೇವೆ ಎಂಬ ಸಾಲು ಆ ಪಾಲಿಸಿಯಲ್ಲಿ, ನಾವು ಕೊಳ್ಳುವ ಅನೇಕ ಪಾಲಿಸಿಗಳಲ್ಲಿ ಇರುವ ಹಾಗೆಯೇ, ಮೊದಲಿನಿಂದಲೂ ಇತ್ತು. ಇನ್ನು ಅಡವಿಟ್ಟ ಪಾಸ್‌ಪೋರ್ಟ್. ಅದು ಗೆಳೆಯನದಲ್ಲ. ೧೯೬೭ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಸದಾಕಾಲ ಕೇಂದ್ರ ಸರ್ಕಾರದ ಸ್ವತ್ತು. ಭಾರತ ಸರ್ಕಾರದ ಆಸ್ತಿಯನ್ನು ಒಂದು ಹಲಗೆಗಾಗಿ ಗಿರವಿ ಇಟ್ಟು ಬಂದು, ಯಾವ ಕಿರಿಕಿರಿಯೂ ಇರಲಿಲ್ಲ ಎನ್ನುತ್ತಾನೆ!

"ಅವರದೂ ಹೊಟ್ಟೆಪಾಡು. ಪ್ರಶ್ನೆ ಕೇಳ್ತಾ ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ." ಈ ಸಮರ್ಥನೆಯಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯ ಬೆರಳು ಮಾಡುವುದು ನಮ್ಮತ್ತಲೇ. ಗಿರಾಕಿ ಯಾಕೆ ಪಕ್ಕದ ಅಂಗಡಿಗೆ ಹೋಗುತ್ತಾನೆ? ಪ್ರಶ್ನೆ ಕೇಳಿಸಿಕೊಂಡರೆ ಅವಮಾನ ಅನ್ನಿಸುತ್ತದೆ, ಅದಕ್ಕೆ. ದುಡ್ಡು ಕೊಟ್ಟ ಮೇಲೂ ಪರೀಕ್ಷೆಯೇ? ನಮ್ಮೂರಿನಲ್ಲಿ ಕಾರಿನ ಸೀಟುಬೆಲ್ಟ್ ಹಾಕಿ ಅಂದವನನ್ನು ದುರುಗುಟ್ಟಿ ನೋಡುವವರು ನಾವು, ವಿದೇಶದ ಮರಳಿನ ಮೇಲೆ ವಿನಯವಂತರಾಗಿಬಿಡುತ್ತೇವೆಯೇ?

ನಾನೂ ಆಗಿರಲಿಲ್ಲ. ಹೇಳಿಬಿಡುತ್ತೇನೆ.

ಮ್ಯೂನಿಕ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ಆಲ್ಪ್ಸ್ ದಾಟಿ ಇಟಲಿಯ ಗಾರ್ದಾ ಸರೋವರಕ್ಕೆ ಹೋಗಿದ್ದೆವು. ಸರೋವರದ ಬಡಗಣ ತುದಿಯಲ್ಲಿ ತೋರ್ಬೊಲೆ ಎಂಬ ಊರು. ಅಲ್ಲಿ ಗಾಳಿಗೆ ಗಡಿಯಾರವಿದೆ ಎನ್ನುತ್ತಾರೆ. ನಸುಕಿನಿಂದ ಬೆಳಗಿನ ತನಕ ಬಡಗಣ ಬೆಟ್ಟಗಳಿಂದ ಇಳಿಯುವ ಪೆಲೇರ್. ಮಧ್ಯಾಹ್ನದ ಹೊತ್ತಿಗೆ ಅದು ಅಡಗಿ, ತೆಂಕಣದಿಂದ ಏಳುವ ಓರಾ. ಬೆಳಿಗ್ಗೆ ಎಂಟಕ್ಕೆ ಬಾಡಿಗೆ ಅಂಗಡಿಯ ಮುಂದೆ ನಿಂತೆ. ಕೌಂಟರಿನಲ್ಲಿದ್ದ ಹೆಂಗಸಿಗೆ ನನ್ನ ಮಗಳ ವಯಸ್ಸು. ಎಷ್ಟು ಗಂಟೆ ಆಡಿದ್ದೀರಿ, ಎಲ್ಲಿ, ಎಂಥ ನೀರಿನಲ್ಲಿ, ಗಾಳಿಗೆ ಎದುರಾಗಿ ಹೊರಟ ಜಾಗಕ್ಕೇ ಮರಳಿದ್ದೀರಾ, ಕೊನೆಯ ಬಾರಿ ಯಾವಾಗ? ನಾನು ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಉತ್ತರಿಸಿದೆ. ಅವಳು ತಲೆ ಆಡಿಸಿದಳು. ಈಗ ಕೊಡುವುದಿಲ್ಲ. ಈ ಗಾಳಿ ದಡದ ಹತ್ತಿರ ಮೆತ್ತಗಿದೆ, ಒಳಗೆ ಹೋದಂತೆ ಜೋರಾಗುತ್ತದೆ, ನಿಮ್ಮನ್ನು ತೆಂಕಣಕ್ಕೆ ಒಯ್ಯುತ್ತದೆ, ನೀವು ಮರಳಲಾರಿರಿ. ಓರಾ ಶುರುವಾಗುವಾಗ ಬನ್ನಿ, ಅದು ದಡಕ್ಕೇ ತರುತ್ತದೆ, ಒಬ್ಬ ಇನ್‌ಸ್ಟ್ರಕ್ಟರ್ ಜೊತೆಗೆ ಒಂದು ಗಂಟೆ ಹೋಗಿ, ಆಮೇಲೆ ಮಾತಾಡೋಣ.

ನಾಲ್ಕು ಗಂಟೆಯ ದಾರಿ ಬಂದಿದ್ದೇನೆ ಎಂದು ವಾದಿಸಿದೆ. ತಂಗಿಯ ಗಂಡ ಜರ್ಮನ್‌ನಲ್ಲಿ ವಾದಿಸಿದ. ಅವಳು ಹಿಂದಿದ್ದವರನ್ನು ಕರೆದಳು. ನಾನು ಹೊರಗೆ ಬಂದು, ಕೆರೆಯ ಕಟ್ಟೆಯ ಮೇಲೆ ಕೂತು, ಆ ಅಂಗಡಿಗೆ ಫೋನಿನಲ್ಲೇ ಒಂದು ನಕ್ಷತ್ರ ಒತ್ತಿದೆ. ಬಣ್ಣದವರನ್ನು ಕಂಡರೆ ಇವರಿಗೆ ಆಗದು ಎಂದೂ ಮನಸ್ಸಿನಲ್ಲಿ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ಬಿಳಿಯ ತರುಣನೂ ಬರಿಗೈಲಿ ಗೊಣಗುತ್ತಾ ಹೊರಗೆ ಬಂದ. ಆ ಕಾರಣವೂ ಕೈತಪ್ಪಿತು.

ಮಧ್ಯಾಹ್ನ ಓರಾ ಎದ್ದಾಗ ಇನ್‌ಸ್ಟ್ರಕ್ಟರ್ ಜೊತೆಗೆ ಇಳಿದೆ. ಒಂದು ಗಂಟೆಯಲ್ಲಿ ಅವನು ನನಗೆ ಹಲಗೆ ಹಾರಿಸಲು ಹೆಚ್ಚೇನೂ ಕಲಿಸಲಿಲ್ಲ. ರೆಕ್ಕೆ ಬಿಟ್ಟು ಮಲಗು, ತಿರುಗು, ಹುಟ್ಟು ಹಾಕು, ದಡಕ್ಕೆ ಬಾ. ಮತ್ತೆ ಮಾಡು. ಮೂರನೆಯ ಸಲ ನನ್ನ ತೋಳುಗಳು ಸೋತು ಬಿದ್ದುಹೋದವು. ದಡ ಅಲ್ಲೇ, ಐವತ್ತು ಮಾರು ದೂರದಲ್ಲಿತ್ತು, ಗಾಳಿಯೂ ಅತ್ತಲೇ ನೂಕುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಇಳಿದಿದ್ದರೆ ಗಾಳಿ ಅತ್ತ ನೂಕುತ್ತಿರಲಿಲ್ಲ. ಆ ನಕ್ಷತ್ರವನ್ನು ಸಂಜೆಯೇ ತಿದ್ದಿದೆ. ಆದರೆ ನನ್ನಂತೆ ತಿದ್ದದವರ ನಕ್ಷತ್ರಗಳೇ ಅಲ್ಲವೇ ಇಂದು ಲೋಕದ ಕಡಲ ತಡಿಗಳನ್ನು ಆಳುತ್ತಿರುವುದು? ಇಲ್ಲ ಎಂದವರಿಗೆ ಒಂದು, ಹೂಂ ಎಂದವರಿಗೆ ಐದು.

ಬೇರೆ ರೀತಿ ಸಾಧ್ಯವೇ ಇಲ್ಲ ಎನ್ನುವವರು ಸ್ಕೂಬಾ ಡೈವಿಂಗ್ ಕಡೆ ನೋಡಲಿ. ಲೋಕದ ಯಾವ ಮೂಲೆಗೆ ಹೋದರೂ ಮರ್ಯಾದಸ್ಥ ಡೈವ್ ಅಂಗಡಿ ಕಾರ್ಡ್ ನೋಡದೆ ಗಾಳಿಯ ಸಿಲಿಂಡರ್ ಕೊಡುವುದಿಲ್ಲ. ಪ್ಯಾಡಿ ಎಂಬ ಸಂಸ್ಥೆ ಹುಟ್ಟಿದ್ದು ೧೯೬೬ರಲ್ಲಿ. ಅದೂ ಅಂಥ ಇತರ ಸಂಸ್ಥೆಗಳೂ ಸೇರಿ ಈ ರಿವಾಜನ್ನು ಕಟ್ಟಿದವು. ಕಾರ್ಡ್ ಕೇಳಿದರೆಂದು ಯಾವ ಡೈವರೂ ಇವತ್ತು ಮುನಿಸಿಕೊಳ್ಳುವುದಿಲ್ಲ. ಕೇಳದಿದ್ದರೆ ಅನುಮಾನ ಪಡುತ್ತಾನೆ. ದೂರ ಯಾಕೆ, ನಮ್ಮ ಮುರುಡೇಶ್ವರಕ್ಕೆ ಹೋಗಿ. ನೇತ್ರಾಣಿ ದ್ವೀಪದ ಬಳಿ ಈಜು ಬಾರದವರನ್ನೂ ನೀರಿಗಿಳಿಸುತ್ತಾರೆ, ಆದರೆ ಇನ್‌ಸ್ಟ್ರಕ್ಟರ್ ಅವರನ್ನು ಹಿಡಿದ ಕೈ ಬಿಡುವುದಿಲ್ಲ. ಕೈ ಹಿಡಿದು ಇಳಿಸುವುದಕ್ಕೂ ಸಾಮಾನು ಕೈಗಿತ್ತು ತಳ್ಳುವುದಕ್ಕೂ ಇರುವ ಅಂತರ ಉತ್ತರ ಕನ್ನಡದ ದೋಣಿಯವನಿಗೆ ಗೊತ್ತು. ಐದು ನಕ್ಷತ್ರದ ಫಾಯಿಲ್ ಅಂಗಡಿಗೆ ಗೊತ್ತಿಲ್ಲವೇ? ಕೈಟ್ ಸರ್ಫಿಂಗ್ ಕಲಿಕೆಗೂ ೨೦೦೦ದ ದಶಕದಿಂದಲೇ ಹಂತಗಳು, ಕಾರ್ಡುಗಳು ಇವೆ. ವಿಂಗ್ ಕಲಿಸುವ ಶಾಲೆಗಳೂ ಅದೇ ಜಾಡಿನಲ್ಲಿ ಹಂತ ಹಾಕಿಕೊಂಡಿವೆ. ಕಾರ್ಡ್ ಕೊಡುವವರಿದ್ದಾರೆ. ಕೌಂಟರಿನಲ್ಲಿ ಅದನ್ನು ಕೇಳುವವರಿಲ್ಲ, ಕೇಳದವರನ್ನು ಬಿಟ್ಟು ಹೋಗುವ ಗಿರಾಕಿಗಳಿಲ್ಲ.

ನಮ್ಮ ಟ್ರಾವೆಲ್ ಏಜೆಂಟರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಕೂತು ಮಾರುವ "ವಾಟರ್ ಸ್ಪೋರ್ಟ್ಸ್ ಇನ್‌ಕ್ಲೂಡೆಡ್" ಎಂಬ ಸಾಲು ಮೊದಲು ಹೋಗಬೇಕು. ಊಟ ಇನ್‌ಕ್ಲೂಡೆಡ್ ಆಗಲಿ, ಏರ್‌ಪೋರ್ಟ್ ಪಿಕಪ್ ಆಗಲಿ. ಗಾಳಿ ಯಾವ ಪ್ಯಾಕೇಜಿನಲ್ಲೂ ಇನ್‌ಕ್ಲೂಡೆಡ್ ಅಲ್ಲ. ಇದನ್ನು ಮಾರುವ ಏಜೆಂಟನನ್ನು ಮೂರು ಪ್ರಶ್ನೆ ಕೇಳಿ: ಅಲ್ಲಿ ರೆಸ್ಕ್ಯೂ ಬೋಟ್ ಇದೆಯೇ, ನಾನು ನೀರಿನಲ್ಲಿರುವಷ್ಟು ಹೊತ್ತೂ ಅದು ತಡಿಯಲ್ಲೇ ಇರುತ್ತದೆಯೇ, ನನ್ನ ಪಾಲಿಸಿ ಈ ಆಟಕ್ಕೆ ಅನ್ವಯಿಸುತ್ತದೆಯೇ? ತಡವರಿಸಿದರೆ ಎದ್ದು ಬನ್ನಿ. ವೀಸಾಕ್ಕೆ ಅರ್ಜಿ ಹಾಕುವ ಮೊದಲು ತೆರೆದ ನೀರಿನಲ್ಲಿ ಈಜು ಕಲಿಯಿರಿ. ಮೂಲ್ಕಿಯಲ್ಲಿ ೨೦೦೪ರಿಂದಲೂ ಸರ್ಫಿಂಗ್ ಕಲಿಸುತ್ತಿದ್ದಾರೆ; ಅಲೆ ಎಂದರೇನು, ಸೆಳೆತ ಎಂದರೇನು ಎಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ಬೈಸಿಕೊಂಡು ಕಲಿಯುವ ಭಾಗ್ಯ ಕಲ್ಪಿಟಿಯದಲ್ಲಿ ಸಿಗದು. ಎರಡು ದಿನ ಗಾಳಿಗೆ ಕಾಯಲು ಪುರಸೊತ್ತಿಲ್ಲದವರು ಈ ಆಟಕ್ಕೆ ಹೋಗಲೇಬೇಡಿ. ಡಾಲ್ಫಿನ್ ನೋಡಿ, ಡಚ್ಚರ ಕೋಟೆ ನೋಡಿ, ಒಣಮೀನು ಕೊಂಡುಕೊಂಡು ಬನ್ನಿ.

ಹೋದವರು ಅಂಗಡಿಯಲ್ಲಿ ಗಡಿಯಾರ ನೋಡಿಕೊಳ್ಳಿ. ನಿಮ್ಮ ತೂಕ ಕೇಳದೆ, ಈಜು ಕೇಳದೆ, ಹಿಂದೆ ಎಲ್ಲಿ ಆಡಿದ್ದೀರಿ ಎಂದು ಕೇಳದೆ, ಇವತ್ತಿನ ಗಾಳಿ ಎತ್ತ ಒಯ್ಯುತ್ತದೆಂದು ಕೈ ಎತ್ತಿ ತೋರಿಸದೆ, ಹತ್ತು ನಿಮಿಷದೊಳಗೆ ಹಲಗೆ ಎತ್ತಿ ಕೊಟ್ಟನೋ, ಅದನ್ನು ಅಲ್ಲೇ ಮರಳಿನ ಮೇಲೆ ಇಟ್ಟು ಪಾಸ್‌ಪೋರ್ಟ್ ವಾಪಸ್ ಕೇಳಿ. ಯಾಕೆ ಎಂದು ಅವನು ಕೇಳುತ್ತಾನೆ. ಅಷ್ಟು ಹೊತ್ತಿನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ನಿಧಾನವಾಗಿ, ನಿಮ್ಮ ಬೆನ್ನ ಹಿಂದೆ ಸಾಲು ನಿಂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಉತ್ತರ ಕೊಡಿ.